ಬ್ಯಾಂಡಿನ ಹಾಡು ಮುದ್ರಿಸಲು ಯಾವ ಇಂಟರ್‌ಫೇಸು, ಯಾವ ಸಾಫ್ಟ್‌ವೇರು?

ಸ್ವಂತ ಹಾಡು ಮುದ್ರಿಸಲು ಹೊರಟ ತಂಡಗಳು ಸಾಮಾನ್ಯವಾಗಿ ಸಾಫ್ಟ್‌ವೇರಿನಿಂದ ಶುರು ಮಾಡುತ್ತವೆ. ಕ್ಯೂಬೇಸೋ ರೀಪರೋ ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಅಷ್ಟರಲ್ಲಿ ಯಾರೋ ಒಬ್ಬರು ರಿಯಾಯಿತಿ ಸಿಕ್ಕಿತೆಂದು ಎರಡು ಮೈಕಿನ ಇಂಟರ್‌ಫೇಸು, ಅಂದರೆ ಮೈಕಿನ ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಪೆಟ್ಟಿಗೆ, ತಂದಿಟ್ಟಿರುತ್ತಾರೆ. ಮೊದಲ ದಿನ ತಬಲಾಕ್ಕೆ ಎರಡು ಮೈಕು ಇಟ್ಟ ಮೇಲೆ ಹಾಡುವವರಿಗೆ ಜಾಗವೇ ಇರುವುದಿಲ್ಲ. ಸಾಫ್ಟ್‌ವೇರನ್ನು ಮುಂದಿನ ತಿಂಗಳು ಬದಲಿಸಿದರೂ ಹಳೆಯ ವೇವ್ ಫೈಲುಗಳು ಹಾಗೇ ತೆರೆದುಕೊಳ್ಳುತ್ತವೆ. ಇಂಟರ್‌ಫೇಸಿನ ಹಿಂದಿರುವ ತೂತುಗಳ ಸಂಖ್ಯೆ ಮಾತ್ರ ಕೊಂಡ ದಿನ ಎಷ್ಟಿತ್ತೋ ಅಷ್ಟೇ. ಆದ್ದರಿಂದ ಲೆಕ್ಕವನ್ನು ಅಲ್ಲಿಂದ ಹಿಡಿಯೋಣ.

ಮೊದಲು ಎಣಿಕೆ

ಒಂದು ಹಾಳೆ ತೆಗೆದುಕೊಂಡು, ಒಂದೇ ಹೊತ್ತಿಗೆ ನುಡಿಸುವ ಎಲ್ಲವನ್ನೂ ಬರೆಯಿರಿ. ಹಾಡುವವರು 1, ಜೊತೆದನಿ 1, ಅಕೂಸ್ಟಿಕ್ ಗಿಟಾರು 1, ಬೇಸು 1, ಕೀಬೋರ್ಡು ಸ್ಟೀರಿಯೋ ಆದ್ದರಿಂದ 2, ತಬಲಾದ ಬಲಕ್ಕೊಂದು ಎಡಕ್ಕೊಂದು 2. ಒಟ್ಟು 8. ತಬಲಾದ ಬದಲು ಡ್ರಮ್ ಸೆಟ್ಟು ಇದ್ದರೆ ಕನಿಷ್ಠ ನಾಲ್ಕು ಮೈಕು ಬೇಕು: ಕಿಕ್ಕು, ಸ್ನೇರು, ಮೇಲಿನಿಂದ ಎರಡು. ಆಗ 10. ಟಾಮ್‌ಗಳಿಗೂ ಹೈ-ಹ್ಯಾಟಿಗೂ ಬೇರೆ ಬೇರೆ ಮೈಕು ಬೇಕೆಂದರೆ 14ಕ್ಕೆ ಹೋಗುತ್ತದೆ. ಮೃದಂಗಕ್ಕೂ ಮದ್ದಳೆಗೂ ಎರಡೂ ಕಡೆ ಮೈಕಿಟ್ಟರೆ ತಲಾ 2. ಚಂಡೆಗೆ, ಕೊಳಲಿಗೆ ಒಂದೊಂದು ಸಾಕು.

ಇವೆಲ್ಲ ನಿಜವಾಗಿ ಒಂದೇ ಸಲಕ್ಕೆ ಬೇಕೇ ಎಂಬುದನ್ನು ಆಮೇಲೆ ನಿರ್ಧರಿಸಬೇಕು. ಕ್ಲಿಕ್ಕಿಗೆ (ಕಿವಿಯಲ್ಲಿ ಬೀಳುವ ಮೆಟ್ರೊನೋಮಿನ ಪೆಟ್ಟು) ತಾಳ ಹಿಡಿದು ಒಬ್ಬೊಬ್ಬರಾಗಿ ನುಡಿಸುವ ತಂಡಕ್ಕೆ ಎರಡು ಮೈಕು ಸಾಕು; ಹಾಡು 40 ಟ್ರ್ಯಾಕಿನದಾದರೂ, ಅಂದರೆ 40 ಪ್ರತ್ಯೇಕ ಮುದ್ರಣಗಳದ್ದಾದರೂ, ಅಡ್ಡಿಯಿಲ್ಲ. ಎದುರುಬದುರು ನೋಡಿಕೊಂಡು, ಲಯ ಏರಿಸಿ ಇಳಿಸಿ ನುಡಿಸುವುದೇ ನಿಮ್ಮ ಸ್ವಭಾವವಾಗಿದ್ದರೆ, ಒಬ್ಬೊಬ್ಬರಾಗಿ ಮುದ್ರಿಸಿದ ಹಾಡಿನಲ್ಲಿ ಆ ಉಸಿರು ಉಳಿಯುವುದಿಲ್ಲ. ಜಾನಪದ ಮೂಲದ ಹಾಡುಗಳಲ್ಲಿ ಇದು ಎದ್ದು ಕಾಣುತ್ತದೆ. ಅಂಥ ತಂಡ ಹಣ ಕೂಡಿಸಿಕೊಂಡಾದರೂ ಎಂಟು ಮೈಕಿನ ಯಂತ್ರಕ್ಕೇ ಹೋಗಬೇಕು.

ಒಂದು ಎಚ್ಚರಿಕೆ: ಹದಿನಾರು ಮೈಕಿಟ್ಟರೂ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತರೆ ಡ್ರಮ್ಮಿನ ಸದ್ದು ಹಾಡುವವರ ಮೈಕಿಗೂ ನುಗ್ಗುತ್ತದೆ. ಆಮೇಲೆ ದನಿಯ ಒಂದು ತಪ್ಪು ಸಾಲು ತಿದ್ದಲು ಹೋದರೆ, ಹಿಂದಿರುವ ಡ್ರಮ್ಮೂ ಜೊತೆಗೆ ಕತ್ತರಿಸಿಹೋಗುತ್ತದೆ. ಇದಕ್ಕೆ ಹಳೆಯ ಪರಿಹಾರವಿದೆ. ವಾದ್ಯಗಳೆಲ್ಲ ಒಟ್ಟಿಗೆ, ಹಾಡುವವರು ಪಕ್ಕದ ಕೋಣೆಯಲ್ಲಿ ಮಾರ್ಗ ತೋರಿಸಲಷ್ಟೇ ಹಾಡುವುದು. ನಿಜವಾದ ದನಿಯನ್ನು ಮರುದಿನ ಪ್ರತ್ಯೇಕ ಮುದ್ರಿಸುವುದು.

ತೂಗಬೇಕಾದ ಇನ್ನುಳಿದ ಸಂಗತಿಗಳು

ಹೆಸರಿನಲ್ಲಿರುವ ಅಂಕಿ ಮೈಕಿನ ಸಂಖ್ಯೆಯಲ್ಲ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20 ಎಂದರೆ 18 ಒಳಬರುವ ದಾರಿ, 20 ಹೊರಹೋಗುವ ದಾರಿ. ಆ ಹದಿನೆಂಟರಲ್ಲಿ ಮೈಕಿಗೆ ಆಗುವುದು 8. ಇನ್ನೆಂಟು ಅಡ್ಯಾಟ್ ಎಂಬ ಆಪ್ಟಿಕಲ್ ಕೇಬಲ್ಲಿನ ದಾರಿ, ಎರಡು ಎಸ್‌ಪಿಡಿಫ್ ಎಂಬ ಡಿಜಿಟಲ್ ದಾರಿ. ಬೆರಿಂಜರ್ ಯುಎಂಸಿ 1820ರ ಲೆಕ್ಕವೂ ಇದೇ. ಸ್ಕಾರ್ಲೆಟ್ 4ಐ4ಗೆ ಮತ್ತು ಮೋಟು ಎಂ4ಗೆ ನಾಲ್ಕು ಮೈಕು ಹಾಕಬಹುದೆಂದು ನಂಬಿ ಕೊಂಡವರು ಬಹಳ. ಎರಡರಲ್ಲೂ ಮೈಕ್ ಪ್ರೀಆಂಪ್ (ಮೈಕಿನ ಸಣ್ಣ ಸದ್ದನ್ನು ಹಿಗ್ಗಿಸುವ ಭಾಗ) ಇರುವುದು ಎರಡೇ. ಉಳಿದೆರಡು ಕೀಬೋರ್ಡಿನಂಥ, ಮೊದಲೇ ಜೋರಾಗಿರುವ ಲೈನ್ ಸದ್ದಿಗೆ. ಪೆಟ್ಟಿಗೆಯ ಮೇಲೆ "ಮೈಕ್ ಪ್ರೀಆಂಪ್ ಎಷ್ಟು" ಎಂಬ ಸಾಲನ್ನು ಮಾತ್ರ ನಂಬಿ.

ಹೆಡ್‌ಫೋನಿನ ವಿಷಯವನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ, ಅಭ್ಯಾಸದ ದಿನ ಅದೇ ಕಾಡುತ್ತದೆ. ಐವರು ನುಡಿಸುವಾಗ ಐವರಿಗೂ ಕೇಳಿಸಬೇಕು. ಬೇಸಿನವರಿಗೆ ಕಿಕ್ಕು ಜೋರಾಗಿ ಬೇಕು, ಹಾಡುವವರಿಗೆ ಶ್ರುತಿ ಮತ್ತು ತಮ್ಮ ದನಿ ಬೇಕು. ಎರಡು ಮೈಕಿನ ಇಂಟರ್‌ಫೇಸುಗಳಲ್ಲಿ ಸಾಮಾನ್ಯವಾಗಿ ಒಂದೇ ಹೆಡ್‌ಫೋನ್ ತೂತು. ಬೆರಿಂಜರ್ ಎಚ್ಎ 400ರಂಥ ಪುಟ್ಟ ಆಂಪ್ಲಿಫೈಯರು ಅದನ್ನು ನಾಲ್ಕು ಮಾಡುತ್ತದೆ, ಆದರೆ ನಾಲ್ಕರಲ್ಲೂ ಅದೇ ಮಿಕ್ಸ್, ಅಂದರೆ ವಾದ್ಯಗಳ ಅದೇ ಬೆರಕೆ. ಬೇರೆಯಾಗುವುದು ವಾಲ್ಯೂಮ್ ಮಾತ್ರ. ಒಬ್ಬೊಬ್ಬರಿಗೆ ಬೇರೆ ಮಿಕ್ಸ್ ಕೊಡಬೇಕೆಂದರೆ ಯಂತ್ರದಲ್ಲಿ ಹೊರಹೋಗುವ ದಾರಿಗಳೂ ಹೆಚ್ಚು ಇರಬೇಕು. 18ಐ20ರಲ್ಲಿನ ಆ "20"ರ ಉಪಯೋಗ ಇದೇ.

ಲೇಟೆನ್ಸಿ, ಅಂದರೆ ಹಾಡಿದ್ದು ಕಿವಿಗೆ ಮರಳುವ ಹೊತ್ತಿನ ತಡ. 48 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸದ್ದಿನ 48 ಸಾವಿರ ಮಾದರಿ) ಬಫರು, ಅಂದರೆ ಕಂಪ್ಯೂಟರು ಒಮ್ಮೆಗೆ ಕೂಡಿಸಿಕೊಳ್ಳುವ ಮಾದರಿಗಳ ಸಂಖ್ಯೆ, 128 ಇಟ್ಟರೆ ಒಂದು ದಿಕ್ಕಿಗೆ 2.7 ಮಿಲಿಸೆಕೆಂಡು. ಹೋಗಿ ಬರುವುದು, ಯುಎಸ್‌ಬಿ, ಪರಿವರ್ತನೆ ಎಲ್ಲ ಸೇರಿ 8ರಿಂದ 10ರ ಹತ್ತಿರ. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು ಒಂದಡಿ ಸಾಗುತ್ತದೆ. ಹಾಗಾಗಿ ಇದು ಆಂಪ್ಲಿಫೈಯರಿನಿಂದ ಹತ್ತಡಿ ದೂರ ನಿಂತು ನುಡಿಸಿದಂತೆ. ಗಿಟಾರಿನವರಿಗೆ ಇದು ನಡೆಯುತ್ತದೆ. ಹಾಡುವವರಿಗೆ ತಮ್ಮದೇ ದನಿ ತಡವಾಗಿ ಕೇಳಿದರೆ ಕಿರಿಕಿರಿ. ಅವರಿಗೆ ಡೈರೆಕ್ಟ್ ಮಾನಿಟರ್ ಹಾಕಿ. ಆಗ ಸದ್ದು ಕಂಪ್ಯೂಟರನ್ನು ಸುತ್ತದೆ ನೇರ ಕಿವಿಗೆ ಬರುತ್ತದೆ. ಮುದ್ರಣ ಮುಗಿದು ಮಿಕ್ಸ್ ಮಾಡುವಾಗ ಬಫರನ್ನು 1024ಕ್ಕೆ ಏರಿಸಿ. ಪ್ಲಗಿನ್ (ಸದ್ದನ್ನು ತಿದ್ದುವ ಸಾಫ್ಟ್‌ವೇರ್ ತುಣುಕು) ಹೆಚ್ಚಾದಾಗ ಬರುವ ಪಟಪಟ ಸದ್ದು ನಿಲ್ಲುತ್ತದೆ. ವಿಂಡೋಸ್‌ನಲ್ಲಿ ಇದೆಲ್ಲ ಇಂಟರ್‌ಫೇಸಿನ ಕಂಪನಿಯೇ ಕೊಡುವ ಆಸಿಯೋ ಡ್ರೈವರಿನ (ಸದ್ದನ್ನು ಹೆಚ್ಚು ತಡವಿಲ್ಲದೆ ಸಾಫ್ಟ್‌ವೇರಿಗೆ ಮುಟ್ಟಿಸುವ ಪ್ರೋಗ್ರಾಂ) ಮೇಲೆ ನಿಂತಿದೆ. ಆಸಿಯೋ4ಆಲ್ ಎಂಬುದು ಸ್ವಂತ ಡ್ರೈವರಿಲ್ಲದ ಯಂತ್ರಗಳಿಗೆ ತೇಪೆ ಹಚ್ಚುವ ಸಾಧನ. ಅದನ್ನೇ ನೆಚ್ಚಿಕೊಳ್ಳಬೇಕಾದ ಇಂಟರ್‌ಫೇಸನ್ನು ಬ್ಯಾಂಡಿಗೆಂದು ಕೊಳ್ಳಬೇಡಿ.

ಕರೆಂಟು. ಎರಡು ಮೈಕಿನವು ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುತ್ತವೆ. ಎಂಟು ಮೈಕಿನವಕ್ಕೆ ಗೋಡೆಯ ಪ್ಲಗ್ಗು ಬೇಕು. ಕರೆಂಟು ಹೋದಾಗ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ ಉಳಿದುಕೊಳ್ಳುತ್ತದೆ, ಇಂಟರ್‌ಫೇಸು ಆರಿಹೋಗುತ್ತದೆ, ಟೇಕು ಅಲ್ಲಿಗೇ ತುಂಡು. ಮನೆಯ ಇನ್ವರ್ಟರು ಹತ್ತಿಕೊಳ್ಳುವ ಆ ಕ್ಷಣದ ಅಂತರವೂ ಕೆಲವು ಯಂತ್ರಗಳನ್ನು ರೀಸೆಟ್ ಮಾಡಿಬಿಡುತ್ತದೆ; ಸ್ಕ್ವೇರ್ ವೇವ್ ಇನ್ವರ್ಟರಾದರೆ ಗಿಟಾರಿನಲ್ಲಿ ಝೇಂಕಾರ ಬೇರೆ. ಇಂಟರ್‌ಫೇಸಿಗೆಂದೇ ಒಂದು ಚಿಕ್ಕ ಯುಪಿಎಸ್ಸು ಖರ್ಚಿನ ಪಟ್ಟಿಯಲ್ಲಿರಲಿ.

ಆಯ್ಕೆ ಒಂದು: ಎರಡು ಮೈಕಿನ ಇಂಟರ್‌ಫೇಸು

ಸ್ಕಾರ್ಲೆಟ್ 2ಐ2, ಮೋಟು ಎಂ2, ಬೆರಿಂಜರ್ ಯುಎಂಸಿ 202 ಎಚ್‌ಡಿ ಈ ಗುಂಪಿನವು. ಸುಮಾರು 10ರಿಂದ 20 ಸಾವಿರ ರೂಪಾಯಿಯ ಆಸುಪಾಸು. ಬೆಲೆ ಅಂಗಡಿಯಿಂದ ಅಂಗಡಿಗೆ ಏರಿಳಿಯುತ್ತದೆ. ಮುದ್ರಣದ ಗುಣದಲ್ಲಿ ಇವು ಎಂಟು ಮೈಕಿನ ಯಂತ್ರಗಳಿಗಿಂತ ಕಡಿಮೆಯೇನಲ್ಲ. ಕೋಣೆಯ ಪ್ರತಿಧ್ವನಿ, ಮೇಲೆ ತಿರುಗುವ ಫ್ಯಾನು, ಮೈಕ್ ಇಟ್ಟ ಜಾಗ, ಇವು ಹಾಡಿನ ಮೇಲೆ ಮಾಡುವ ಪರಿಣಾಮದ ಮುಂದೆ ಒಂದು ಪ್ರೀಆಂಪಿಗೂ ಇನ್ನೊಂದಕ್ಕೂ ಇರುವ ಅಂತರ ಏನೇನೂ ಅಲ್ಲ.

ಕೀಬೋರ್ಡಿನಲ್ಲೋ ಸಾಫ್ಟ್‌ವೇರಿನಲ್ಲೋ ಡ್ರಮ್ ಕಟ್ಟಿಕೊಂಡು ಉಳಿದದ್ದನ್ನು ಒಂದೊಂದಾಗಿ ಮುದ್ರಿಸುವವರಿಗೆ ಇದಕ್ಕಿಂತ ಹೆಚ್ಚಿನದು ಬೇಡ. ನಿಜವಾದ ಡ್ರಮ್ಮೇ ಬೇಕೆಂದರೂ ಒಂದು ದಾರಿಯಿದೆ: ಡ್ರಮ್ ಮುದ್ರಣಕ್ಕೆಂದು ಒಂದು ದಿನ ಸ್ಟುಡಿಯೋ ಬಾಡಿಗೆಗೆ ಹಿಡಿದು, ಆ ವೇವ್ ಫೈಲುಗಳನ್ನು ಮನೆಗೆ ತಂದು, ಅದರ ಮೇಲೆ ಬೇಸು, ಗಿಟಾರು, ದನಿ ಕೂಡಿಸುವುದು. ಕಡಿಮೆ ಹಣದಲ್ಲಿ ಅತಿ ಒಳ್ಳೆಯ ಫಲ ಸಿಗುವುದು ಹೀಗೆಯೇ.

"ಈಗ ಒಂದು ತಗೊಳ್ಳೋಣ, ಮುಂದೆ ಇನ್ನೊಂದು ಸೇರಿಸೋಣ" ಎಂಬ ಲೆಕ್ಕ ಮಾತ್ರ ಬೇಡ. ವಿಂಡೋಸ್‌ನಲ್ಲಿ ಸಾಫ್ಟ್‌ವೇರು ಒಂದು ಸಲಕ್ಕೆ ಒಂದೇ ಆಸಿಯೋ ಡ್ರೈವರನ್ನು ಹಿಡಿಯುತ್ತದೆ. ಎರಡು ಬೇರೆ ಕಂಪನಿಯ ಯಂತ್ರಗಳು ಒಟ್ಟಿಗೆ ಕೆಲಸ ಮಾಡುವುದಿಲ್ಲ. ಮ್ಯಾಕ್‌ನಲ್ಲಿ ಅಗ್ರಿಗೇಟ್ ಡಿವೈಸ್ ಎಂದು ಎರಡನ್ನು ಜೋಡಿಸಬಹುದು, ಆದರೆ ಎರಡರ ಗಡಿಯಾರವೂ (ಸದ್ದಿನ ಮಾದರಿ ತೆಗೆಯುವ ಲಯ) ಬೇರೆಯಾದ್ದರಿಂದ ಆ ಅಂತರ ಸರಿದೂಗಿಸುವ ಡ್ರಿಫ್ಟ್ ಕರೆಕ್ಷನ್ ಹಾಕದಿದ್ದರೆ ಉದ್ದದ ಹಾಡಿನಲ್ಲಿ ಟ್ರ್ಯಾಕುಗಳು ನಿಧಾನವಾಗಿ ಒಂದರಿಂದೊಂದು ಸರಿಯುತ್ತವೆ.

ಆಯ್ಕೆ ಎರಡು: ನಾಲ್ಕು ಮೈಕು

ಬೆರಿಂಜರ್ ಯುಎಂಸಿ 404 ಎಚ್‌ಡಿ ಇಲ್ಲಿ ಎಲ್ಲರಿಗೂ ಮೊದಲು ನೆನಪಾಗುತ್ತದೆ. ನಾಲ್ಕೂ ಪ್ರೀಆಂಪುಗಳು, ನಾಲ್ಕಕ್ಕೂ ಗಿಟಾರ್ ನೇರ ಚುಚ್ಚುವ ಸೌಲಭ್ಯ. ಹಾಡುಗಾರರು, ಹಾರ್ಮೋನಿಯಂ, ತಬಲಾ ಇರುವ ಭಾವಗೀತೆಯ ತಂಡಕ್ಕೆ ಹೇಳಿ ಮಾಡಿಸಿದ್ದು. ಆದರೆ ಇದಕ್ಕೆ ಅಡ್ಯಾಟ್ ದಾರಿಯಿಲ್ಲ, ಮುಂದೆ ಬೆಳೆಸಲಾಗದು. ಬೆಳೆಯುವ ಆಸೆಯಿರುವ ತಂಡ ಇದನ್ನು ದಾಟಿ ಮುಂದಕ್ಕೆ ಹೋಗುವುದು ವಾಸಿ.

ಆಯ್ಕೆ ಮೂರು: ಎಂಟು ಮೈಕು, ಜೊತೆಗೆ ಅಡ್ಯಾಟ್

ಇಲ್ಲಿ ಅಗ್ಗದ ತುದಿಯಲ್ಲಿ ಯುಎಂಸಿ 1820, ಸುಮಾರು 30 ಸಾವಿರದ ಹತ್ತಿರ. ಮೇಲಿನ ತುದಿಯಲ್ಲಿ 18ಐ20, ಆಡಿಯೆಂಟ್ ಇವೊ 16, ಪ್ರಿಸೋನಸ್ 1824ಸಿ. ಮೇಲಿನವಕ್ಕೆ ಕೊಡುವ ಹೆಚ್ಚಿನ ಹಣ ಸದ್ದಿಗಿಂತ ಅನುಕೂಲಕ್ಕೆ. ಇವೊದಲ್ಲಿ ಸ್ಮಾರ್ಟ್‌ಗೇನ್ ಇದೆ. ತಂಡ ಒಂದು ಪಲ್ಲವಿ ನುಡಿಸುವಷ್ಟರಲ್ಲಿ ಎಂಟೂ ಮೈಕಿನ ಗೇನನ್ನು (ಸದ್ದನ್ನು ಹಿಗ್ಗಿಸುವ ಪ್ರಮಾಣ) ಅದೇ ಹೊಂದಿಸುತ್ತದೆ. ನುಡಿಸುವವರೇ ಮುದ್ರಿಸುವವರೂ ಆಗಿರುವ ತಂಡಕ್ಕೆ ಇದು ನಿಜವಾದ ನೆರವು.

ಅಡ್ಯಾಟ್ ದಾರಿಯಿಂದ ಇನ್ನೆಂಟು ಮೈಕು ಸೇರಿಸಬಹುದು. ಬೆರಿಂಜರ್ ಎಡಿಎ 8200 ಅದಕ್ಕೆ ಸಾಮಾನ್ಯವಾಗಿ ಬಳಸುವ ಪೆಟ್ಟಿಗೆ. 48 ಕಿಲೋಹರ್ಟ್ಸ್‌ನಲ್ಲಿ ಒಂದು ಆಪ್ಟಿಕಲ್ ಕೇಬಲ್ಲು ಎಂಟು ಚಾನೆಲ್ ಹೊರುತ್ತದೆ; 96ಕ್ಕೆ ಏರಿಸಿದರೆ ನಾಲ್ಕೇ. ಬ್ಯಾಂಡಿಗೆ 48 ಕಿಲೋಹರ್ಟ್ಸ್, 24-ಬಿಟ್ ಧಾರಾಳ. ಎರಡೂ ಪೆಟ್ಟಿಗೆಗಳ ಗಡಿಯಾರ ಒಂದೇ ಆಗಿರಬೇಕೆಂಬುದು ಮುಖ್ಯ: ಒಂದು ಯಜಮಾನ, ಇನ್ನೊಂದು ಅದನ್ನು ಹಿಂಬಾಲಿಸುವಂತೆ ಸಿಂಕ್ ಹೊಂದಿಸಿ. ಎರಡೂ ತಮ್ಮ ತಮ್ಮ ಗಡಿಯಾರದಲ್ಲಿ ಓಡಿದರೆ ಕೆಲವು ಸೆಕೆಂಡಿಗೊಮ್ಮೆ "ಟಿಕ್" ಎಂಬ ಸದ್ದು ಮುದ್ರಣದಲ್ಲೇ ಸೇರಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯುವುದು ನರಕ.

ಈ ಯಂತ್ರಗಳಲ್ಲಿ ಹಲವಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ (ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ಹೋಗುವ ವಿದ್ಯುತ್) ನಾಲ್ಕು ನಾಲ್ಕು ಚಾನೆಲ್ಲಿಗೆ ಒಂದೇ ಸ್ವಿಚ್ಚು. ಕಂಡೆನ್ಸರ್ ಮೈಕುಗಳನ್ನೆಲ್ಲ ಒಂದು ಗುಂಪಿಗೆ ಹಾಕಿ. ಎಸ್‌ಎಂ 57, 58ರಂಥ ಡೈನಮಿಕ್ ಮೈಕಿಗೆ ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ಲಿದ್ದರೆ ಇದರಿಂದ ಹಾನಿಯಿಲ್ಲ. ಹಳೆಯ ರಿಬ್ಬನ್ ಮೈಕಿಗೆ ಅಪಾಯವಿದೆ.

ಆಯ್ಕೆ ನಾಲ್ಕು: ಡಿಜಿಟಲ್ ಮಿಕ್ಸರು

ಕಾರ್ಯಕ್ರಮಗಳನ್ನೂ ಕೊಡುವ ತಂಡಕ್ಕೆ ಇದನ್ನೇ ಮೊದಲು ನೋಡಿ ಎನ್ನಬೇಕು. ಬೆರಿಂಜರ್ ಎಕ್ಸ್‌ಆರ್ 18ರಲ್ಲಿ 16 ಮೈಕ್ ಪ್ರೀಆಂಪ್, ಯುಎಸ್‌ಬಿಯಲ್ಲಿ 18 ಚಾನೆಲ್ ಬೇರೆ ಬೇರೆಯಾಗಿ ಕಂಪ್ಯೂಟರಿಗೆ ಹೋಗುತ್ತವೆ. ಮುಖ್ಯ ಮಿಕ್ಸಿನಿಂದ ಬೇರೆಯಾಗಿ ಹೊರಹೋಗುವ ಆರು ಆಕ್ಸ್ ದಾರಿಗಳಿರುವುದರಿಂದ ಆರು ಬೇರೆ ಮಿಕ್ಸ್ ಕೊಡಬಹುದು. ನುಡಿಸುವವರೇ ತಮ್ಮ ಮೊಬೈಲಿನಿಂದ ತಮ್ಮ ಮಿಕ್ಸ್ ಹೊಂದಿಸಿಕೊಳ್ಳಬಹುದು. ಶನಿವಾರದ ಮದುವೆ ಆರ್ಕೆಸ್ಟ್ರಾಕ್ಕೂ ಭಾನುವಾರದ ಮುದ್ರಣಕ್ಕೂ ಒಂದೇ ಪೆಟ್ಟಿಗೆ. ಕೊರತೆಗಳು: ಮುಟ್ಟಿ ಸರಿಸುವ ಫೇಡರ್ ಇಲ್ಲ, ಎಲ್ಲ ಟ್ಯಾಬ್ಲೆಟ್ಟಿನಲ್ಲೇ; ಒಳಗಿನ ವೈಫೈ ಜನಜಂಗುಳಿಯಲ್ಲಿ ಕೈಕೊಡುವುದರಿಂದ ಬೇರೆ ರೂಟರ್ ಜೋಡಿಸಬೇಕು; ಆಕ್ಸ್ ದಾರಿಗೆ ಹೆಡ್‌ಫೋನ್ ಆಂಪ್ಲಿಫೈಯರು ಬೇರೆ ಕೊಳ್ಳಬೇಕು; 48 ಕಿಲೋಹರ್ಟ್ಸ್ ಮೀರಿ ಹೋಗದು.

ಲ್ಯಾಪ್‌ಟಾಪನ್ನೇ ನಂಬದವರಿಗೆ ಝೂಮ್ ಲೈವ್‌ಟ್ರ್ಯಾಕ್ ಎಲ್-12 ಇದೆ. 8 ಮೈಕು, 14 ಟ್ರ್ಯಾಕು ನೇರ ಎಸ್‌ಡಿ ಕಾರ್ಡಿಗೆ, ಐದು ಹೆಡ್‌ಫೋನ್ ದಾರಿ, ಐದಕ್ಕೂ ಬೇರೆ ಮಿಕ್ಸ್. ದೇವಸ್ಥಾನದ ಅಂಗಳದಲ್ಲೋ ಯಕ್ಷಗಾನದ ರಂಗಸ್ಥಳದ ಪಕ್ಕದಲ್ಲೋ ರಾತ್ರಿಯಿಡೀ ಮುದ್ರಿಸುವವರಿಗೆ ಕಂಪ್ಯೂಟರು ಹ್ಯಾಂಗ್ ಆಗುವ ಭಯವಿಲ್ಲದ ಇಂಥ ಪೆಟ್ಟಿಗೆಯೇ ಸರಿ. ಟಾಸ್ಕ್ಯಾಮಿನ ಮಾಡೆಲ್ 12, 16, 24 ಕೂಡ ಇದೇ ದಾರಿಯವು.

ಇಲ್ಲೇ ಒಂದು ದೊಡ್ಡ ಗುಂಡಿಯಿದೆ. "ಯುಎಸ್‌ಬಿ ಮಿಕ್ಸರ್" ಎಂದು ಮಾರುವ ಅನಲಾಗ್ ಮಿಕ್ಸರುಗಳಲ್ಲಿ ಬಹುಪಾಲು ಕಂಪ್ಯೂಟರಿಗೆ ಕಳಿಸುವುದು ಎರಡೇ ಚಾನೆಲ್, ಅಂದರೆ ಎಲ್ಲ ಬೆರೆತುಹೋದ ಸ್ಟೀರಿಯೋ. ಯಮಹಾ ಎಂಜಿ 10 ಎಕ್ಸ್‌ಯು ಒಳ್ಳೆಯ ಮಿಕ್ಸರೇ, ಆದರೆ ಅದರ ಯುಎಸ್‌ಬಿ 2 ಒಳಗೆ 2 ಹೊರಗೆ. ತಬಲಾ ಜೋರಾಯಿತೆಂದು ಆಮೇಲೆ ಇಳಿಸಲು ಬರುವುದಿಲ್ಲ. ನಿಮ್ಮ ಬಳಿ ಈಗಾಗಲೇ ಅಂಥದ್ದಿದ್ದರೆ ಅಭ್ಯಾಸದ ಕಚ್ಚಾ ಮುದ್ರಣಕ್ಕೆ ಇಟ್ಟುಕೊಳ್ಳಿ.

ಸಾಫ್ಟ್‌ವೇರು

ಇಲ್ಲಿ ತೂಗಬೇಕಾದ್ದು ಮೂರು: ಒಂದೇ ಸಲಕ್ಕೆ ಎಷ್ಟು ಚಾನೆಲ್ ಹಿಡಿಯುತ್ತದೆ, ಎಂಟು ಟ್ರ್ಯಾಕುಗಳನ್ನು ಒಟ್ಟಿಗೆ ಕತ್ತರಿಸಿ ಜೋಡಿಸುವುದು ಎಷ್ಟು ಸುಲಭ, ಬೇರೆಯವರಿಗೆ ಒಪ್ಪಿಸುವುದು ಹೇಗೆ. ಇಂಟರ್‌ಫೇಸಿನ ಜೊತೆ ಬಿಟ್ಟಿಯಾಗಿ ಬರುವ ಏಬಲ್ಟನ್ ಲೈವ್ ಲೈಟ್, ಕ್ಯೂಬೇಸ್ ಎಲ್‌ಇಯಂಥವಕ್ಕೆ ಟ್ರ್ಯಾಕಿನ ಸಂಖ್ಯೆಗೆ ಮಿತಿಯಿದೆ. ಪ್ರೋಟೂಲ್ಸ್ ಇಂಟ್ರೋ ಉಚಿತ, ಆದರೆ 8 ಆಡಿಯೋ ಟ್ರ್ಯಾಕಿಗೇ ನಿಲ್ಲುತ್ತದೆ. ಎಂಟು ವಾದ್ಯ ಮುದ್ರಿಸಿದ ಮೇಲೆ ದನಿಗೆ ಒಂಬತ್ತನೆಯದು ಸೇರಿಸಲಾಗದು.

ಹೆಚ್ಚಿನ ಬ್ಯಾಂಡುಗಳಿಗೆ ರೀಪರ್ ಸಾಕು. ಸಾಕು ಎನ್ನುವುದಕ್ಕಿಂತ ಅದೇ ಸರಿ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಮತ್ತು ಚಿಕ್ಕ ವ್ಯವಹಾರದ ಪರವಾನಗಿ 60 ಡಾಲರ್. ಟ್ರ್ಯಾಕಿಗೆ ಮಿತಿಯಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ, ಹಳೆಯ ಲ್ಯಾಪ್‌ಟಾಪಿಗೂ ಭಾರವಾಗದು. ನಮ್ಮ ತಾಳಗಳವರಿಗೆ ಇದರಲ್ಲೊಂದು ವಿಶೇಷ ಅನುಕೂಲ: ಮೆಟ್ರೊನೋಮಿನ ಪೆಟ್ಟಿನ ವಿನ್ಯಾಸವನ್ನು ನಾವೇ ಬರೆಯಬಹುದು. ಮಿಶ್ರಛಾಪು ಬೇಕೆಂದರೆ 7/8 ಇಟ್ಟು ಒತ್ತನ್ನು 3+2+2 ಎಂದು ಹಾಕಿದರಾಯಿತು, ತಕಿಟ ತಕದಿಮಿಯ ಮೇಲೇ ಕ್ಲಿಕ್ಕು ಬೀಳುತ್ತದೆ. ಕುಂದೆಂದರೆ ಒಳಗೆ ವಾದ್ಯಗಳ ಸದ್ದಿನ ಸಂಗ್ರಹ ಹೆಚ್ಚೇನೂ ಇಲ್ಲ. ಮೆನುಗಳ ಕಾಡಿನಲ್ಲಿ ಮೊದಲ ವಾರ ದಾರಿ ತಪ್ಪುತ್ತದೆ.

ಮ್ಯಾಕ್ ಇರುವವರು ಉಚಿತದ ಗ್ಯಾರೇಜ್‌ಬ್ಯಾಂಡಿನಲ್ಲೇ ಶುರು ಮಾಡಬಹುದು. ಒಂದು ಹಾಡಿನ ನಡುವೆ ತಾಳ ಬದಲಿಸಲಾಗದು, ಟ್ರ್ಯಾಕುಗಳನ್ನು ಬೇರೆ ಬೇರೆ ಫೈಲಾಗಿ ತೆಗೆಯಲು ಒಂದೊಂದನ್ನೇ ಸೋಲೋ ಮಾಡಿ ಕಳಿಸಬೇಕು. ಈ ಎರಡು ತೊಡಕು ಕಾಡಿದ ದಿನ ಲಾಜಿಕ್ ಪ್ರೋಗೆ ಹೋಗಿ. ಗ್ಯಾರೇಜ್‌ಬ್ಯಾಂಡಿನ ಪ್ರಾಜೆಕ್ಟು ಅದರಲ್ಲಿ ನೇರ ತೆರೆಯುತ್ತದೆ. ಕೀಬೋರ್ಡಿನವರೇ ಅರ್ಧ ಹಾಡು ಕಟ್ಟುವ ತಂಡಕ್ಕೆ ಲಾಜಿಕ್ ಅಥವಾ ಕ್ಯೂಬೇಸಿನ ಮಿಡಿ (ಕೀಬೋರ್ಡಿನ ಸ್ವರಗಳನ್ನು ಸದ್ದಾಗಿ ಅಲ್ಲ, ಸೂಚನೆಗಳಾಗಿ ಹಿಡಿಯುವುದು) ಸೌಲಭ್ಯಗಳ ಮುಂದೆ ರೀಪರ್ ಒರಟು. ವೇದಿಕೆಯಲ್ಲಿ ಲೂಪು, ಬ್ಯಾಕಿಂಗ್ ಟ್ರ್ಯಾಕು ಓಡಿಸುವವರಿಗೆ ಏಬಲ್ಟನ್. ಸಿನಿಮಾ ಸ್ಟುಡಿಯೋಗಳ ಜೊತೆ ಪ್ರಾಜೆಕ್ಟನ್ನೇ ಹಂಚಿಕೊಳ್ಳುವ ಅಗತ್ಯವಿದ್ದರೆ ಮಾತ್ರ ಪ್ರೋಟೂಲ್ಸ್. ಬಿಡಿಗಾಸೂ ಇಲ್ಲದಿದ್ದರೆ ಟ್ರ್ಯಾಕ್ಷನ್ನಿನ ವೇವ್‌ಫಾರ್ಮ್ ಫ್ರೀ. ಲಿನಕ್ಸಿನವರಿಗೆ ಆರ್ಡರ್ ಕೂಡ ಇದೆ. ಅಡಾಸಿಟಿ ಮುದ್ರಿಸಿದ್ದನ್ನು ಕತ್ತರಿಸಲು ಚೆನ್ನ. ಬ್ಯಾಂಡಿನ ಎಂಟು ಚಾನೆಲ್ ಹಿಡಿಯಲು ಅದನ್ನು ಆರಿಸಬೇಡಿ.

ಶ್ರುತಿ ತಿದ್ದುವ ಸೌಲಭ್ಯ ನೋಡಿ ಸಾಫ್ಟ್‌ವೇರ್ ಕೊಳ್ಳುವವರಿಗೆ ಒಂದು ಮಾತು. ತಾನೇ ತಿದ್ದುವ ಸಾಧನಗಳು ಗಮಕವನ್ನು ತಪ್ಪು ಸ್ವರವೆಂದು ತಿಳಿದು ಚಪ್ಪಟೆ ಮಾಡಿಬಿಡುತ್ತವೆ. ಲಾಜಿಕ್ಕಿನ ಫ್ಲೆಕ್ಸ್ ಪಿಚ್ಚು, ಕ್ಯೂಬೇಸಿನ ಮೇಲ್ದರ್ಜೆಯ ಆವೃತ್ತಿಗಳಲ್ಲಿರುವ ವೇರಿಆಡಿಯೋ, ಇವುಗಳಲ್ಲಿ ಒಂದೊಂದೇ ಸ್ವರವನ್ನು ಕೈಯಿಂದ ಸರಿಸಬಹುದು. ಆ ಕಾರಣಕ್ಕೆ ಅವು ನಮ್ಮ ಹಾಡಿಕೆಗೆ ಹೊಂದುತ್ತವೆ. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಕೀಬೋರ್ಡಿನ ಶ್ರುತಿಗೆ (ಎ ಸ್ವರ 440 ಹರ್ಟ್ಸ್) ಹೊಂದಿಸಿಕೊಂಡೇ ಮುದ್ರಣಕ್ಕೆ ಕುಳಿತರೆ ಅರ್ಧ ತಿದ್ದುಪಡಿ ಬೇಕಾಗುವುದೇ ಇಲ್ಲ.

ಹಣ ಹಂಚುವುದು ಹೇಗೆ

ಎಂಟು ಮೈಕಿನ ಇಂಟರ್‌ಫೇಸು ಕೊಂಡ ತಂಡಕ್ಕೆ ಎಂಟು ಮೈಕು, ಎಂಟು ಸ್ಟ್ಯಾಂಡು, ಎಂಟು ಕೇಬಲ್ಲು, ಐದು ಮುಚ್ಚಿದ ಹೆಡ್‌ಫೋನೂ ಬೇಕು. ಈ ಪಟ್ಟಿ ಸುಲಭವಾಗಿ ಇಂಟರ್‌ಫೇಸಿನ ಬೆಲೆಯನ್ನು ಮೀರುತ್ತದೆ. ಕೈಯಲ್ಲಿ 60 ಸಾವಿರವಿದ್ದರೆ ಅಷ್ಟನ್ನೂ ಇಂಟರ್‌ಫೇಸಿಗೆ ಸುರಿಯುವ ಬದಲು ಅರ್ಧದಲ್ಲಿ ಯುಎಂಸಿ 1820, ಉಳಿದರ್ಧದಲ್ಲಿ ಮೈಕು ಕೇಬಲ್ಲು ಎಂದು ಹಂಚಿ. 25 ಸಾವಿರವಿದ್ದರೆ ಎರಡು ಮೈಕಿನದು, ಒಂದು ಒಳ್ಳೆಯ ಕಂಡೆನ್ಸರು, ರೀಪರ್. ಲಕ್ಷ ದಾಟುವ ಶಕ್ತಿಯಿದ್ದು ಕಾರ್ಯಕ್ರಮಗಳೂ ಇದ್ದರೆ ಎಕ್ಸ್‌ಆರ್ 18.

ಆರ್ಕೆಸ್ಟ್ರಾ ದಿನಗಳಿಂದ ಉಳಿದ, ಒಂದು ಕಡೆ ಎಕ್ಸ್‌ಎಲ್‌ಆರ್ ಇನ್ನೊಂದು ಕಡೆ ಪಿ-38 ಪಿನ್ನು (ಗಿಟಾರ್ ಕೇಬಲ್ಲಿನಂಥ ಕಾಲಿಂಚಿನ ಜ್ಯಾಕು) ಇರುವ ಮೈಕ್ ಕೇಬಲ್ಲುಗಳನ್ನು ಇಲ್ಲಿ ಬಳಸಬೇಡಿ. ಪಿನ್ನಿನ ಕಡೆಯಿಂದ ಚುಚ್ಚಿದರೆ ಸದ್ದು ಮೈಕ್ ಪ್ರೀಆಂಪಿಗೆ ಹೋಗುವುದಿಲ್ಲ, ಫ್ಯಾಂಟಮ್ ಪವರೂ ಮೈಕಿಗೆ ತಲುಪುವುದಿಲ್ಲ. ಮೈಕೇ ಕೆಟ್ಟಿದೆಯೆಂದು ಅಂಗಡಿಗೆ ಒಯ್ದವರಿದ್ದಾರೆ. ಲ್ಯಾಪ್‌ಟಾಪಿನ ಚಾರ್ಜರು ಕಿತ್ತ ಕೂಡಲೇ ಗುಂಯ್‌ಗುಡುವಿಕೆ ನಿಂತರೆ ಅದು ಅರ್ಥಿಂಗಿನ ದೋಷ. ಗ್ರೌಂಡ್ ಲಿಫ್ಟ್ (ಸದ್ದಿನ ಕೇಬಲ್ಲಿನ ಅರ್ಥ್ ಬಿಡಿಸುವ ಸ್ವಿಚ್ಚು) ಇರುವ ಡಿಐ ಬಾಕ್ಸ್ ಅನ್ನು ವಾದ್ಯಕ್ಕೂ ಇಂಟರ್‌ಫೇಸಿಗೂ ನಡುವೆ ಹಾಕಿ, ಎಲ್ಲವನ್ನೂ ಒಂದೇ ಪ್ಲಗ್ ಬೋರ್ಡಿಗೆ ತನ್ನಿ. ಪ್ಲಗ್ಗಿನ ಅರ್ಥ್ ಪಿನ್ನನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ, ಗಿಟಾರು ಹಿಡಿದವರು ಮೈಕಿಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯುವುದು ಅದರಿಂದಲೇ.

ಯಂತ್ರ ಮನೆಗೆ ಬಂದ ದಿನ, ಮರಳಿಸುವ ಅವಧಿ ಮುಗಿಯುವ ಮೊದಲೇ, ಹೀಗೆ ಪರೀಕ್ಷಿಸಿ. ಹಬ್ ಬೇಡ, ನೇರ ಯುಎಸ್‌ಬಿಗೆ ಚುಚ್ಚಿ. ಸಾಫ್ಟ್‌ವೇರಿನಲ್ಲೂ ಯಂತ್ರದ ಕಂಟ್ರೋಲ್ ಪ್ಯಾನೆಲ್ಲಿನಲ್ಲೂ 48 ಕಿಲೋಹರ್ಟ್ಸ್ ಇದೆಯೇ ನೋಡಿ. ಒಂದು 48, ಇನ್ನೊಂದು 44.1 ಆಗಿಬಿಟ್ಟರೆ ಮುದ್ರಿಸಿದ ಹಾಡು ಸುಮಾರು ಒಂದೂವರೆ ಸೆಮಿಟೋನು ಏರಿಯೋ ಇಳಿದೋ ಕೇಳುತ್ತದೆ. ಒಂದೇ ಮೈಕನ್ನು ಎಂಟೂ ಚಾನೆಲ್ಲಿಗೆ ಸರದಿಯಲ್ಲಿ ಹಾಕಿ ಸದ್ದು, ಫ್ಯಾಂಟಮ್ ಪವರ್, ಗೇನ್ ಗುಬಟಿಯ ಕರಕರ ಪರೀಕ್ಷಿಸಿ. ಜೋರಾಗಿ ನುಡಿಸಿದಾಗಲೂ ಮೀಟರು ಮೈನಸ್ 6 ಡೆಸಿಬೆಲ್ ದಾಟದಂತೆ ಗೇನ್ ಇಡಿ. ಆಮೇಲೆ ಎಂಟೂ ಟ್ರ್ಯಾಕುಗಳನ್ನು ಆರ್ಮ್ ಮಾಡಿ (ಮುದ್ರಣಕ್ಕೆ ಸಿದ್ಧವಾಗಿಸಿ) ಒಂದು ಗಂಟೆ ಸುಮ್ಮನೆ ಓಡಲು ಬಿಡಿ. 24-ಬಿಟ್‌ನಲ್ಲಿ ಅದು ಸುಮಾರು 4 ಜಿಬಿ ಆಗುತ್ತದೆ, ಡಿಸ್ಕಿನಲ್ಲಿ ಜಾಗವಿರಲಿ. ಮುಗಿದ ಮೇಲೆ ಕೊನೆಯ ಐದು ನಿಮಿಷವನ್ನು ಹೆಡ್‌ಫೋನಿನಲ್ಲಿ ಕೇಳಿ. ಟಿಕ್ ಸದ್ದೋ ಖಾಲಿ ತುಣುಕೋ ಕಂಡರೆ ಬಫರು ಏರಿಸಿ, ವೈಫೈ ಆಫ್ ಮಾಡಿ, ಕೇಬಲ್ಲು ಬದಲಿಸಿ ಮತ್ತೊಮ್ಮೆ ಓಡಿಸಿ. ಆಗಲೂ ಬಂದರೆ ಪೆಟ್ಟಿಗೆಯನ್ನು ಅಂಗಡಿಗೆ ಮರಳಿಸಿ.